ಎರಡು ‘ಗೆ’ಗಳ ಬೋರ್ಡು

ನಮ್ಮ ಮನೆ ಯಾವ ದಿನ ನಮ್ಮ ವಾಸದ ಮನೆಯಾಗಿರುವುದನ್ನು ಬಿಟ್ಟು ಬಾಡಿಗೆಯ ಮನೆಯಾಯಿತು ಎಂಬ ಪ್ರಶ್ನೆಗೆ ನಾನು ಮೊದಲು ಕೊಟ್ಟ ಉತ್ತರ: ಜುಲೈ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಇಷ್ಟು ನಿಖರವಾದ ಉತ್ತರವೊಂದು ತಪ್ಪಾಗಿರಲು ಸಾಧ್ಯ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ನಾನು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ರಸಾಯನಶಾಸ್ತ್ರದ ಪದವಿ ಮುಗಿಸಿ ಎರಡು ವರ್ಷವಾಗಿದೆ. ಮನೆಯಲ್ಲಿ ನನಗಿರುವ ಹೆಸರು ‘ಮಿಲಿಮೀಟರ್’. ಬ್ರೆಡ್ಡನ್ನು ಸಮನಾಗಿ ಕತ್ತರಿಸಲು ಅಳತೆಪಟ್ಟಿ ಇಟ್ಟ ದಿನ ಅಪ್ಪ ಇಟ್ಟ ಹೆಸರು ಅದು. ಆಗ ನನಗೆ ಏಳು ವರ್ಷ.

ಎಲ್ಲವೂ ಆರಂಭವಾದದ್ದು ಕಳೆದ ಏಪ್ರಿಲ್‌ನಲ್ಲಿ ಅಮ್ಮನಿಗೆ ಬಂದ ಒಂದು ಪತ್ರದಿಂದ. ಅಮ್ಮ ಇಪ್ಪತ್ತಾರು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು. ದೂರದ ಊರಿನ ವಸ್ತುಸಂಗ್ರಹಾಲಯವೊಂದರ ಶಾಲೆಯಲ್ಲಿ, ಜೀರ್ಣವಾದ ಹಳೆಯ ಬಟ್ಟೆಗಳನ್ನು ಉಳಿಸುವ ವಿದ್ಯೆಯನ್ನು ಎರಡು ವರ್ಷ ಕಲಿಸುತ್ತಾರೆ. ಆಯ್ಕೆಯಾದ ಹನ್ನೆರಡು ಮಂದಿಯಲ್ಲಿ ಐವತ್ತು ದಾಟಿದ ಅಮ್ಮನೂ ಒಬ್ಬಳು. ಲಕೋಟೆ ಒಡೆದವಳೇ ನಾನು ಹೊಲಿಗೆಯ ಕೋಣೆಗೆ ಓಡಿದೆ. ಅಮ್ಮ ಒಂದು ಕಾಲರಿಗೆ ಕೈಹೊಲಿಗೆ ಹಾಕುತ್ತಿದ್ದಳು.

“ಅಮ್ಮಾ, ನಿನಗೆ ಸೀಟು ಸಿಕ್ಕಿದೆ.”

“ತಡಿ, ಈ ಹೊಲಿಗೆ ಮುಗೀಲಿ.”

ಅಮ್ಮ ನಡುವೆ ಸೂಜಿ ಇಳಿಸುವವಳಲ್ಲ. ನಾನು ಹುಟ್ಟುವ ದಿನವೂ ಹಿಡಿದ ಸಾಲನ್ನು ಮುಗಿಸಿಯೇ ಆಸ್ಪತ್ರೆಗೆ ಹೊರಟಳಂತೆ. ನಾನು ಬಾಗಿಲಲ್ಲಿ ಒಂಟಿಕಾಲಲ್ಲಿ ನಿಂತು ಕಾದೆ. ಹೊಲಿಗೆ ಮುಗಿಯಿತು, ದಾರ ಕತ್ತರಿಸಿದ್ದಾಯಿತು, ಕನ್ನಡಕ ತೆಗೆದದ್ದಾಯಿತು. ಆಮೇಲೆ ಪತ್ರ ಓದಿದ ಅಮ್ಮ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಲಿಗೆಯಂತ್ರಕ್ಕೆ ಹೊದಿಕೆ ಹಾಕಿದಳು.

ಮೊದಲ ವರ್ಷದ ಶುಲ್ಕಕ್ಕೆ ಅಮ್ಮನ ಉಳಿತಾಯ ಸಾಕಾಗುತ್ತಿತ್ತು. ಎರಡನೆಯ ವರ್ಷದ್ದನ್ನು ದುಡಿಯಬೇಕಾದದ್ದು ನಮ್ಮ ಮನೆ. ಅಮ್ಮ ಆ ಊರಿನಲ್ಲಿ ಒಂದು ಕೋಣೆ ಹಿಡಿಯುವುದು, ಅಪ್ಪ ಮತ್ತು ನಾನು ಎರಡು ಬೀದಿ ಆಚೆ ಇರುವ ಅತ್ತೆಯ ಮನೆಯ ಮಹಡಿಗೆ ಹೋಗುವುದು, ನಮ್ಮ ಮನೆಯನ್ನು ಬಾಡಿಗೆಗೆ ಕೊಡುವುದು ಎಂದು ತೀರ್ಮಾನವಾಯಿತು.

ಅತ್ತೆ ಅಪ್ಪನ ಅಕ್ಕ. ತೆರಿಗೆ ಕಚೇರಿಯ ಕಡತಗಳ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ನೆಂಟರಿಷ್ಟರೆಲ್ಲ ಬೆನ್ನ ಹಿಂದೆ ಕರೆಯುವ ಹೆಸರು ‘ರಸೀದಿ ಅತ್ತೆ’. ಅವರೆದುರಿಗೂ ಹಾಗೇ ಕರೆಯಬಹುದು, ಬೇಸರವಿಲ್ಲ.

“ನಿಮ್ಮಿಂದ ನಾನು ಬಾಡಿಗೆ ತಗೊಳಲ್ಲ. ತಗೊಂಡ್ರೆ ಅದು ನನಗೆ ಆದಾಯ, ಅದಕ್ಕೆ ತೆರಿಗೆ, ಅದಕ್ಕೊಂದು ಫಾರ್ಮು. ಅದರ ಬದಲು ನಿಮ್ಮನ್ನ ಪ್ರೀತಿಯಿಂದ ಇಟ್ಕೊಳೋದೇ ಅಗ್ಗ,” ಎಂದರು.

ಸಾಮಾನು ಕಟ್ಟುವ ದಿನಗಳಲ್ಲಿ ಅತ್ತೆ ನನ್ನನ್ನು ಊಟದ ಮೇಜಿಗೆ ಕೂರಿಸಿಕೊಂಡು ಪಾಠ ಹೇಳಿದರು. ಬಂದ ಬಾಡಿಗೆ ಪೂರ್ತಿಯಾಗಿ ತೆರಿಗೆಗೆ ಸಿಗುವುದಿಲ್ಲ. ಬಾಡಿಗೆಗಾಗಿ ಮಾಡಿದ ಖರ್ಚನ್ನು ಅದರಿಂದ ಕಳೆಯಬಹುದು. ಆದರೆ ಖರ್ಚಿನಲ್ಲೂ ಜಾತಿಗಳಿವೆ. ಕೆಟ್ಟದ್ದನ್ನು ಸರಿಮಾಡಿದರೆ ದುರಸ್ತಿ, ಅದನ್ನು ಆ ವರ್ಷವೇ ಪೂರ್ತಿ ಕಳೆಯಬಹುದು. ಇದ್ದದ್ದಕ್ಕಿಂತ ಚೆನ್ನಾಗಿ ಮಾಡಿದರೆ ಸುಧಾರಣೆ, ಅದನ್ನು ಹತ್ತು ವರ್ಷಕ್ಕೆ ಹಂಚಿಕೊಂಡು ತುಣುಕು ತುಣುಕಾಗಿ ಕಳೆಯಬೇಕು. ನಮ್ಮ ಸಾಮಾನಿಟ್ಟು ಬೀಗ ಹಾಕುವ ಚಿಕ್ಕ ಕೋಣೆ ಬಾಡಿಗೆಗೆ ಸೇರುವುದಿಲ್ಲ, ಅದರ ಪಾಲನ್ನು ಎಲ್ಲ ಲೆಕ್ಕದಿಂದಲೂ ಬಿಡಬೇಕು. ನಾನು ಆ ಸಂಜೆಯೇ ಹೋಗಿ ನೆಲವನ್ನು ಅಳೆದೆ: ಮನೆಯ ಶೇಕಡ ಹನ್ನೊಂದು ಬಿಂದು ಮೂರು.

“ಹನ್ನೊಂದು ಅಂತ ಬರಿ ಸಾಕು,” ಎಂದರು ಅತ್ತೆ.

“ಬಿಂದು ಮೂರು ಎಲ್ಲಿಗೆ ಹೋಗುತ್ತೆ ಅತ್ತೆ?”

“ನನ್ನ ತಲೆ ಮೇಲೆ ಕೂತ್ಕೊಳುತ್ತೆ. ಮುಂದೆ ಕೇಳು. ಇದು ಮುಖ್ಯ. ನೀವು ವಾಸ ಇದ್ದಾಗ ನಲ್ಲಿ ಒಡೆದ್ರೆ ಅದು ನಿಮ್ಮ ಕರ್ಮ, ಸರ್ಕಾರಕ್ಕೆ ಸಂಬಂಧ ಇಲ್ಲ. ಮನೆ ಖಾಲಿ ಮಾಡಿ, ಬಾಡಿಗೆಗೆ ಅಂತ ಜನರ ಮುಂದೆ ಇಟ್ಟ ದಿನದಿಂದ ಅದೇ ನಲ್ಲಿ ಒಡೆದ್ರೆ ಅದು ಬಾಡಿಗೆಯ ಖರ್ಚು.”

ಇದು ನನ್ನನ್ನು ಹಿಡಿದುಬಿಟ್ಟಿತು. ಅದೇ ನಲ್ಲಿ, ಅದೇ ಗೋಡೆ, ಅದೇ ನೀರು. ಆದರೆ ಒಂದು ನಿರ್ದಿಷ್ಟ ಕ್ಷಣದ ಆಚೆಗೆ ಅದರ ಸ್ಥಿತಿಯೇ ಬೇರೆ. ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವ ಹಾಗೆ. ನಮ್ಮ ಮನೆಗೂ ಅಂಥದೊಂದು ಬಿಂದುವಿದೆ, ಅದನ್ನು ನಾನು ಗಡಿಯಾರ ಹಿಡಿದು ದಾಖಲಿಸಬಲ್ಲೆ ಎಂದುಕೊಂಡಾಗ ಆದ ಖುಷಿಗೆ ಆ ಸಂಜೆ ಎರಡು ಸಲ ಟೀ ಕುಡಿದೆ.

ಜೂನ್ ಒಂದರಂದು ಮನೆ ಖಾಲಿಯಾಯಿತು. ಅಮ್ಮ ಬಸ್ಸು ಹತ್ತಿದಳು. ಅಪ್ಪ ಬೋರ್ಡಿನ ಕೆಲಸಕ್ಕೆ ಕೈಹಾಕಿದರು.

ಅಪ್ಪ ಕೈಯಲ್ಲಿ ಅಕ್ಷರ ಬರೆಯುವ ಬೋರ್ಡ್ ಪೇಂಟರ್. ನಮ್ಮ ಮಾರುಕಟ್ಟೆಯ ಬೀದಿಯ ಅರ್ಧ ಅಂಗಡಿಗಳ ಹೆಸರು ಅವರ ಕುಂಚದ್ದು. ಅವರ ಕೆಲಸದ ಕ್ರಮ ಒಂದೇ: ಮೊದಲು ಪೂರ್ಣ ಅಳತೆಯಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಬೇರೆ ಬೇರೆ ದೂರದಿಂದ ಓದಿ ನೋಡಿ, ತಿದ್ದಿ, ಆಮೇಲಷ್ಟೇ ಹಲಗೆಗೆ ಬಣ್ಣ. ಸೀಮೆಸುಣ್ಣದ್ದನ್ನು ಅವರು ಕರಡು ಎನ್ನುತ್ತಾರೆ. ಗಿರಾಕಿ ಯಾರಾದರೂ ಅದನ್ನು ನೋಡಿ “ಬೋರ್ಡ್ ಚೆನ್ನಾಗಿದೆ” ಎಂದರೆ ಅಪ್ಪನ ಮುಖ ಕೆಂಪಾಗುತ್ತಿತ್ತು. “ಕರಡು ಬೋರ್ಡಲ್ಲ ಸ್ವಾಮಿ.” ಮೂವತ್ತು ವರ್ಷದಿಂದ ಈ ಮಾತು ಬದಲಾಗಿಲ್ಲ.

‘ಮನೆ ಬಾಡಿಗೆಗೆ ಇದೆ’ ಎಂಬ ಮೂರು ಪದಗಳನ್ನು ಬೇರೆಯವರು ಅರ್ಧ ಗಂಟೆಯಲ್ಲಿ ಬರೆಯುತ್ತಾರೆ. ಅಪ್ಪನಿಗೆ ಅಕ್ಕಪಕ್ಕ ನಿಂತ ಎರಡು ‘ಗೆ’ಗಳು ತೊಡಕಾದವು.

“ಒಂದರ ಪಕ್ಕ ಒಂದು ಇಟ್ಟರೆ ಬೋರ್ಡು ತೊದಲಿದ ಹಾಗೆ ಕಾಣುತ್ತೆ,” ಎಂದರು.

“ಒಂದನ್ನ ತೆಗೆದುಹಾಕೋ,” ಎಂದರು ಅತ್ತೆ.

“ತೆಗೆದ್ರೆ ‘ಮನೆ ಬಾಡಿಗೆ ಇದೆ’ ಆಗುತ್ತೆ ಅಕ್ಕ. ಬಾಡಿಗೆ ಇದೆ, ಮನೆ ಇಲ್ಲ.”

“ಹಾಗಾದ್ರೆ ‘ಬಾಡಿಗೆಗಿದೆ’ ಅಂತ ಕೂಡಿಸು.”

“ಕೂಡಿಸಿದ್ರೆ ಅಕ್ಷರಕ್ಕೆ ಉಸಿರು ಕಟ್ಟುತ್ತೆ.”

“ನಿನ್ನ ಜೊತೆ ಮಾತಾಡಿ ನನಗೆ ಕಟ್ಟುತ್ತಾ ಇದೆ.”

ಜೂನ್ ಐದರಂದು ರಸ್ತೆಗೆ ಮುಖ ಮಾಡಿದ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಅಪ್ಪ ಮೊದಲ ಕರಡು ಬರೆದರು, ಕೆಳಗೆ ದೂರವಾಣಿ ಸಂಖ್ಯೆ ಸಹಿತ. ನಾನು ರಸ್ತೆಯಾಚೆ ಹನ್ನೆರಡು, ಇಪ್ಪತ್ತು, ಮೂವತ್ತು ಹೆಜ್ಜೆಗಳಲ್ಲಿ ನಿಂತು, ಒಂದೊಂದೇ ಕಣ್ಣು ಮುಚ್ಚಿ, ಕಾಣುವ ಅಕ್ಷರಗಳನ್ನು ಕೂಗಿ ಹೇಳಿ, ಎಲ್ಲವನ್ನೂ ಸಮಯದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಡುವೆ ಬಂದ ಒಂದು ಸಣ್ಣ ಅಡಚಣೆಯನ್ನು ಬಿಟ್ಟರೆ ಪ್ರಯೋಗ ಸೊಗಸಾಗಿ ನಡೆಯಿತು. ಮೂವತ್ತನೆಯ ಹೆಜ್ಜೆಯಲ್ಲಿ ಎರಡು ‘ಗೆ’ಗಳು ಒಂದಕ್ಕೊಂದು ಅಂಟಿಕೊಂಡವು. ಅಪ್ಪ ಅಂಗೈಯಿಂದ ಬಲಭಾಗ ಒರೆಸಿ ಮತ್ತೆ ಬರೆಯಲು ತೊಡಗಿದರು. ಆ ಕ್ಷಣಕ್ಕೆ ಗೋಡೆಯ ಮೇಲೆ ಉಳಿದಿದ್ದದ್ದು ‘ಮನೆ ಬಾಡಿ’. ಆಗಲೇ ಗೇಟಿನ ಮುಂದೆ ಹಾದ ನೆರೆಯವರೊಬ್ಬರು, “ಪಾಪ, ಹೂವಿನ ಹಾಗೆ ಮನೇನೂ ಬಾಡುತ್ತಾ?” ಎಂದು ವಿಚಾರಿಸಿಕೊಂಡು ಹೋದರು.

ಜೂನ್ ಹನ್ನೆರಡರಂದು ಸ್ನಾನದ ಮನೆಯ ಗೋಡೆಯೊಳಗೆ ಪೈಪು ಒಡೆಯಿತು. ಪ್ಲಂಬರ್ ಗೋಡೆ ಬಿಚ್ಚಿ ನೋಡಿ, ತುಕ್ಕು ತಿಂದ ಪೈಪನ್ನು ಅಡುಗೆಮನೆಯವರೆಗೂ ಬದಲಿಸಬೇಕೆಂದ. ಹನ್ನೆರಡು ದಿನ ಕೆಲಸ ನಡೆಯಿತು. ಅದೇ ಸಮಯಕ್ಕೆ ಅಡುಗೆಮನೆಗೆ ಹೊಸ ಕಲ್ಲಿನ ಕಟ್ಟೆಯನ್ನೂ ಹಾಕಿಸಿದೆವು. ಪ್ರತಿ ರಸೀದಿಯನ್ನೂ ಅತ್ತೆ ನಾಣ್ಯದಂತೆ ತಟ್ಟಿ ನೋಡಿ ಕಡತಕ್ಕೆ ಹಾಕಿದರು. ಬೋರ್ಡು ಮಾತ್ರ ಆಗಿರಲಿಲ್ಲ. ಎರಡನೆಯ ‘ಗೆ’ಗೆ ಅಪ್ಪ ಬಾಲ ತುಸು ಉದ್ದ ಮಾಡಿದರು, ಬೇಡವೆಂದು ಕತ್ತರಿಸಿದರು, ಮೊದಲನೆಯದನ್ನು ಕಿರಿದಾಗಿಸಿದರು. ಕೊನೆಗೆ ಜುಲೈ ಹನ್ನೊಂದರಂದು ಬೆಳಿಗ್ಗೆ ಬೋರ್ಡು ಗೇಟಿಗೆ ಏರಿತು. ಕಡು ನೀಲಿಯ ಮೇಲೆ ಕೆನೆಬಣ್ಣದ ಅಕ್ಷರ, ಎರಡು ‘ಗೆ’ಗಳೂ ಅಕ್ಕತಂಗಿಯರ ಹಾಗೆ. ನಾನು ಗಡಿಯಾರ ನೋಡಿದೆ: ಒಂಬತ್ತು ನಲವತ್ತು.

ಹತ್ತೂವರೆಗೆ ಒಬ್ಬರು ಬಂದರು. ಕನ್ನಡಕದ ಅಂಗಡಿ ನಡೆಸುವ, ನಲವತ್ತರ ಆಸುಪಾಸಿನ ಹೆಂಗಸು.

“ಬೋರ್ಡ್ ಆಯ್ತಲ್ಲ, ಈಗಲಾದ್ರೂ ನೋಡಬಹುದಾ?” ಎಂದು ಅಪ್ಪನನ್ನು ಕೇಳಿದರು.

‘ಈಗಲಾದ್ರೂ’ ಎಂಬ ಪದ ವಿಚಿತ್ರವೆನಿಸಿತು. ಆದರೆ ಅವರು ಅರ್ಧ ಗಂಟೆಯಲ್ಲಿ ಮನೆಯನ್ನು ಒಪ್ಪಿದ್ದರಿಂದ ನಾನದನ್ನು ಅಲ್ಲಿಗೇ ಬಿಟ್ಟೆ. ಆಗಸ್ಟ್ ಒಂದರಿಂದ ಅವರು ನಮ್ಮ ಬಾಡಿಗೆದಾರರಾದರು.

ವರ್ಷಾಂತ್ಯದಲ್ಲಿ ವಿವರಪಟ್ಟಿ ತುಂಬಿದವಳು ನಾನೇ. ‘ಬಾಡಿಗೆಗೆ ಒಡ್ಡಿದ ದಿನಾಂಕ’ ಎಂಬ ಖಾನೆ ಬಂದಾಗ ಬೋರ್ಡು ಏರಿದ ದಿನವನ್ನು ಹೆಮ್ಮೆಯಿಂದ ಬರೆದೆ. ಸಮಯಕ್ಕೆ ಜಾಗವಿರಲಿಲ್ಲ, ಅದನ್ನು ಅಂಚಿನಲ್ಲಿ ಬರೆದೆ.

ಫೆಬ್ರವರಿ ಮೊದಲ ವಾರ ತೆರಿಗೆ ಕಚೇರಿಯಿಂದ ಪತ್ರ ಬಂತು. ನೀವೇ ತಿಳಿಸಿರುವಂತೆ ಮನೆ ಬಾಡಿಗೆಗೆ ಒಡ್ಡಲ್ಪಟ್ಟದ್ದು ಜುಲೈ ಹನ್ನೊಂದಕ್ಕೆ. ಪೈಪಿನ ಕೆಲಸ ಜೂನ್ ತಿಂಗಳಿನದು. ಆದ್ದರಿಂದ ಆ ಖರ್ಚನ್ನು ಬಾಡಿಗೆಯಿಂದ ಕಳೆಯುವಂತಿಲ್ಲ. ಆಕ್ಷೇಪವಿದ್ದರೆ ಹದಿನೇಳನೆಯ ತಾರೀಕು ಹಾಜರಾಗಿ ದಾಖಲೆ ತೋರಿಸತಕ್ಕದ್ದು. ಅಮ್ಮ ಎರಡನೆಯ ವರ್ಷದ ಸೀಟನ್ನು ಶುಲ್ಕ ಕಟ್ಟಿ ಖಚಿತಪಡಿಸಬೇಕಾದ ಕೊನೆಯ ದಿನ ಇಪ್ಪತ್ತು. ಆ ಕಡಿತ ಹೋದರೆ ಕಟ್ಟಬೇಕಾಗುವ ತೆರಿಗೆಯೇ ಅಮ್ಮನ ಶುಲ್ಕದ ಅರ್ಧವನ್ನು ನುಂಗುತ್ತಿತ್ತು. ನಾನು ಪತ್ರವನ್ನು ಮೂರು ಸಲ ಓದಿದೆ. ನನ್ನ ಅಮ್ಮನ ಎರಡನೆಯ ವರ್ಷವನ್ನು ನಾನೇ, ನೀಟಾದ ಕೈಬರಹದಲ್ಲಿ, ಸಮಯ ಸಹಿತ ಅಳಿಸಿಹಾಕಿದ್ದೆ.

ಭಾನುವಾರ ಬೆಳಿಗ್ಗೆ ಅತ್ತೆ ತಿಂಡಿಯ ತಟ್ಟೆಗಳನ್ನು ಬದಿಗೆ ಸರಿಸಿ ಕಡತ ಬಿಚ್ಚಿದರು.

“ಮಿಲಿಮೀಟರ್, ಬೋರ್ಡು ಒಂದೇ ಅಲ್ಲ ಕಣೆ ಬಾಡಿಗೆಗೆ ಇಡೋ ದಾರಿ. ಬಾಯಲ್ಲಿ ಹೇಳಿದ್ರೂ ಆಯ್ತು, ಪೇಪರಲ್ಲಿ ಹಾಕಿದ್ರೂ ಆಯ್ತು. ಜುಲೈಗಿಂತ ಮೊದಲು ಯಾರನ್ನಾದ್ರೂ ಕೇಳಿದ್ರಾ? ಯಾರಾದ್ರೂ ನಿಮ್ಮನ್ನ ಕೇಳಿದ್ರಾ?”

ನಾನು ಇಲ್ಲವೆಂದು ತಲೆಯಾಡಿಸಿದೆ. ಅಪ್ಪ ಲೋಟದೊಳಗೆ ನೋಡುತ್ತಾ, “ಒಬ್ರು ಕೇಳಿದ್ರು,” ಎಂದರು.

“ಯಾವಾಗ?”

“ಕರಡು ಬರೆದ ದಿನ. ಗೋಡೆ ಮುಂದೆ ನಿಂತು ಮನೆ ಇದೆಯಾ ಅಂದ್ರು. ಇದೆ ಅಂದೆ. ತೋರಿಸ್ತೀರಾ ಅಂದ್ರು.”

“ತೋರಿಸಿದ್ಯಾ?”

“ಬೋರ್ಡ್ ಆಗಿರಲಿಲ್ವಲ್ಲ ಅಕ್ಕ. ಆದ ಮೇಲೆ ಬನ್ನಿ ಅಂತ ಕಳಿಸಿದೆ.”

ಅತ್ತೆ ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. “ಮನೆ ಬಾಗಿಲಿಗೆ ಬಂದ ಬಾಡಿಗೆದಾರರನ್ನ ಎರಡು ‘ಗೆ’ ಸರಿಯಾಗಿಲ್ಲ ಅಂತ ವಾಪಸ್ ಕಳಿಸಿದವನು ಈ ಭೂಮಿ ಮೇಲೆ ನೀನೊಬ್ಬನೇ ಕಣೋ,” ಎಂದರು. ಆದರೆ ಅವರ ಕಣ್ಣು ಹೊಳೆಯುತ್ತಿತ್ತು. “ಬರಹದಲ್ಲಿ ಏನಾದ್ರೂ ಇದೆಯಾ? ಆವತ್ತೇ ಬರೆದದ್ದು?”

ನಾನು ಆಗಲೇ ಚಪ್ಪಲಿ ಹಾಕಿಕೊಂಡಾಗಿತ್ತು.

ಎರಡು ಬೀದಿಗಳನ್ನು ನಾನು ಹೆಜ್ಜೆ ಎಣಿಸದೆ ದಾಟಿದ್ದು ಅದೇ ಮೊದಲು. ಬಾಡಿಗೆದಾರರು ಕೈಯಲ್ಲಿ ಗಾಜು ಒರೆಸುವ ಬಟ್ಟೆ ಹಿಡಿದೇ ಬಾಗಿಲು ತೆರೆದರು. ಕ್ಷಮೆ ಕೇಳಿ ಚಿಕ್ಕ ಕೋಣೆಯ ಬೀಗ ತೆಗೆದೆ. ‘ಅಕ್ಷರ, ದೂರ’ ಎಂದು ಚೀಟಿ ಅಂಟಿಸಿದ ನೋಟ್‌ಬುಕ್ಕು ಮೂರನೆಯ ಪೆಟ್ಟಿಗೆಯಲ್ಲಿ, ಇರಬೇಕಾದ ಕಡೆಯೇ ಇತ್ತು. ನಿಂತಲ್ಲೇ ತೆರೆದೆ.

‘ಜೂನ್ 5, ಸಂಜೆ 4.20. ಅಡಚಣೆ. ಒಬ್ಬ ಮಹಿಳೆ ಗೋಡೆಗೆ ಅಡ್ಡ ನಿಂತರು. ಯಾರ ಕಣ್ಣಿನ ಪರೀಕ್ಷೆ ಎಂದು ಕೇಳಿದರು. ನಂತರ ಮನೆ ಬಾಡಿಗೆಗೆ ಇದೆಯೇ, ಕೋಣೆ ಎಷ್ಟು ಎಂದು ಕೇಳಿದರು. ಅಪ್ಪ: ಇದೆ, ಎರಡು, ಆದರೆ ಬೋರ್ಡ್ ಆಗಿಲ್ಲ. 4.26. ಅಡಚಣೆ ನಿವಾರಣೆ. ವೀಕ್ಷಣೆ ಮುಂದುವರಿಕೆ.’

ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು. ಯಾರ ಕಣ್ಣಿನ ಪರೀಕ್ಷೆ? ಹಾಗೆ ಕೇಳುವವರು ಊರಲ್ಲಿ ಎಷ್ಟು ಮಂದಿ ಇರಬಹುದು? ತಿರುಗಿ ನೋಡಿದೆ. ಕನ್ನಡಕದ ಅಂಗಡಿಯವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

“ಮೇಡಂ, ಜೂನ್ ಐದಕ್ಕೆ ಈ ಗೋಡೆ ಮುಂದೆ ಬಂದಿದ್ದು ನೀವಾ?”

“ಅಯ್ಯೋ, ಗುರುತೇ ಸಿಗಲಿಲ್ವಾ ನಿನಗೆ? ನಾನು ನಿನ್ನನ್ನ ಆವತ್ತಿಂದ ಮರೆತಿಲ್ಲ. ರಸ್ತೆ ಮಧ್ಯ ಒಂದು ಕಣ್ಣು ಮುಚ್ಚಿಕೊಂಡು ‘ಗೆ ಮಸುಕು, ಗೆ ಮಸುಕು’ ಅಂತ ಕೂಗ್ತಿದ್ದೆ. ನನ್ನ ಅಂಗಡಿಯ ಹುಡುಗಿಗೆ ತೋರಿಸೋಣ ಅಂತ ಫೋಟೋ ಬೇರೆ ತೆಗೆದೆ.”

“ಫೋಟೋ?”

ಅವರು ಮೊಬೈಲ್ ತಂದು ಬೆರಳಿನಿಂದ ತಿಂಗಳುಗಳನ್ನು ಹಿಂದೆ ತಳ್ಳಿದರು. ಗೋಡೆ, ಸೀಮೆಸುಣ್ಣದ ಮೂರು ಪದ, ಕೆಳಗೆ ನಮ್ಮ ಸಂಖ್ಯೆ, ಬದಿಯಲ್ಲಿ ಕೈಯೆತ್ತಿ ಫೋಟೋ ತೆಗೆಯುತ್ತಿದ್ದವರನ್ನೇ ಪಕ್ಕಕ್ಕೆ ಸರಿಯಲು ಹೇಳುತ್ತಿರುವ ನಾನು. ಮೇಲೆ ದಿನಾಂಕ, ಸಮಯ: 4.21. ನನ್ನ ಗಡಿಯಾರಕ್ಕೂ ಅದಕ್ಕೂ ಒಂದೇ ನಿಮಿಷದ ವ್ಯತ್ಯಾಸ.

“ಮೇಡಂ, ನಿಮ್ಮನ್ನ ನಾನು ಅಡಚಣೆ ಅಂತ ಬರೆದಿದೀನಿ. ಕ್ಷಮಿಸಿ.”

“ನನ್ನ ಗಂಡನ ಮನೆಯವರೂ ಹಾಗೇ ಅಂತಾರೆ ಬಿಡು. ಎಲ್ಲಿ ಸಹಿ ಹಾಕಬೇಕು ಹೇಳು.”

ಹದಿನೇಳರಂದು ಅಪ್ಪ, ಅತ್ತೆ, ನಾನು ಮೂವರೂ ತೆರಿಗೆ ಕಚೇರಿಯ ಉದ್ದನೆಯ ಬೆಂಚಿನಲ್ಲಿ ಕುಳಿತಿದ್ದೆವು. ಎದುರಿನ ಬಾಗಿಲ ಮೇಲೆ ‘ವಿಚಾರಣೆ’ ಎಂಬ ಬೋರ್ಡಿತ್ತು. ಅಪ್ಪ ಅದನ್ನು ಒಂದೇ ಸಮನೆ ನೋಡುತ್ತಿದ್ದರು.

“ಆ ‘ಚಾ’ ಬಲಕ್ಕೆ ವಾಲಿದೆ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

“ಇವತ್ತು ಬೇಡ ಅಪ್ಪ.”

ಒಳಗಿದ್ದ ಅಧಿಕಾರಿ ಮೆತ್ತಗೆ ಮಾತನಾಡುವ, ಪುಟಗಳನ್ನು ಮೂಲೆ ಹಿಡಿದು ತಿರುವುವ ಮನುಷ್ಯ. ಅತ್ತೆಯ ಕಡತದ ಶಿಸ್ತನ್ನು ಕಂಡು ಒಂದು ಸಲ ತಲೆಯೆತ್ತಿ ಅವರನ್ನು ನೋಡಿದರು. ಫೋಟೋ ನೋಡಿದರು, ಬಾಡಿಗೆದಾರರ ಸಹಿಯ ಹೇಳಿಕೆ ಓದಿದರು, ನನ್ನ ನೋಟ್‌ಬುಕ್ಕಿಗೆ ಬಂದರು. ಒಂದು ಸಾಲಿನ ಕೆಳಗೆ ಬೆರಳಿಟ್ಟರು.

“ಇದರಲ್ಲಿ ‘ಅಡಚಣೆ’ ಅಂದ್ರೆ ಯಾರು?”

“ಈಗಿನ ಬಾಡಿಗೆದಾರರು ಸರ್.”

ಅವರ ಮೀಸೆಯ ಒಂದು ತುದಿ ಅಲುಗಿತು. ಮತ್ತೆ ಗಂಭೀರವಾದರು. “ದಿನಾಂಕ ಸರಿ ಇದೆ. ಆದರೆ ಒಂದು ತೊಂದರೆ. ಮನೆ ಇದೆ ಅಂತ ಹೇಳಿ, ಬೋರ್ಡ್ ಆಗಿಲ್ಲ ಅಂತ ನೀವೇ ಅವರನ್ನ ವಾಪಸ್ ಕಳಿಸಿದೀರಿ. ಹಾಗಾದ್ರೆ ಗೋಡೆ ಮೇಲಿದ್ದದ್ದು ಏನು? ಬಾಡಿಗೆಗೆ ಇಟ್ಟ ಬೋರ್ಡಾ, ಅಥವಾ ನಿಮ್ಮ ಕೆಲಸದ ಅಭ್ಯಾಸವಾ?”

ಪ್ರಶ್ನೆ ಅಪ್ಪನಿಗೆ. ಅಧಿಕಾರಿಯೆದುರು ಹೇಳಿಕೊಡಲು ನಮಗೆ ಅವಕಾಶವಿರಲಿಲ್ಲ. ಅಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು. ‘ಕರಡು ಬೋರ್ಡಲ್ಲ’ ಎಂಬ ಮೂವತ್ತು ವರ್ಷದ ಮಾತು ಅವರ ನಾಲಗೆಯ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು.

“ಸರ್,” ಎಂದರು, “ಅಭ್ಯಾಸ ಆಗಿದ್ರೆ ನಾನು ಫೋನ್ ನಂಬರ್ ಬರೀತಿರಲಿಲ್ಲ. ಒಳಗಿನ ಗೋಡೆ ಮೇಲೆ ಬರೀತಿದ್ದೆ. ಆದ್ರೆ ರಸ್ತೆಗೆ ಕಾಣೋ ಹಾಗೆ ಬರೆದೆ. ಅವರು ಮನೆ ಇದೆಯಾ ಅಂದಾಗ ಇದೆ ಅಂದೆ. ಯಾಕಂದ್ರೆ ಇತ್ತು.” ಫೋಟೋದ ಕಡೆ ಬೆರಳು ಮಾಡಿದರು. “ಅದು ಬೋರ್ಡೇ ಸರ್. ಕೆಟ್ಟ ಬೋರ್ಡು. ಮೂವತ್ತು ಹೆಜ್ಜೆಗೆ ಎರಡು ‘ಗೆ’ ಅಂಟಿಕೊಳ್ತಿತ್ತು. ಆದ್ರೆ ಬೋರ್ಡು.”

ಅಧಿಕಾರಿ ಫೋಟೋವನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ತೋಳಿನ ಉದ್ದಕ್ಕೆ ಹಿಡಿದು ನೋಡಿದರು. “ಇಲ್ಲಿಂದ ಚೆನ್ನಾಗೇ ಓದಕ್ಕೆ ಬರುತ್ತೆ,” ಎಂದು ಪೆನ್ನು ತೆಗೆದರು. ಒಡ್ಡಿದ ದಿನಾಂಕ ಜೂನ್ ಐದು ಎಂದು ತಿದ್ದಿದರು. ಒಡೆದ ಪೈಪು ದುರಸ್ತಿ, ಪೂರ್ತಿ ಕಳೆಯಬಹುದು. ಕಲ್ಲಿನ ಕಟ್ಟೆ ಸುಧಾರಣೆ, ಹತ್ತು ವರ್ಷಕ್ಕೆ ಹಂಚಿ. ಅದನ್ನು ಅತ್ತೆ ಮೊದಲೇ ಹಾಗೆಯೇ ಹಂಚಿದ್ದರಿಂದ ಅವರು ಬರಿಯ ಟಿಕ್ ಹಾಕಿದರು.

“ಬೋರ್ಡಿಗೆ ಬಣ್ಣದ ಖರ್ಚು ಮಾತ್ರ ತೋರಿಸಿದೀರಿ. ಬರೆದ ಕೂಲಿ?” ಎಂದು ಕೇಳಿದರು.

“ಸ್ವಂತ ಕೂಲಿ ಕಳೆಯೋಕೆ ಬರಲ್ಲ ಸರ್,” ಎಂದರು ಅತ್ತೆ, ಅಧಿಕಾರಿಗಿಂತ ಮೊದಲು.

“ಐದು ವಾರ,” ಎಂದರು ಅಪ್ಪ, ಯಾರಿಗೂ ಅಲ್ಲದ ಹಾಗೆ.

ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತರು. ನಾನು ಅವರ ತೋಳು ಹಿಡಿದೆ, ತಡವಾಗಿತ್ತು. “ಸರ್, ಹೊರಗಿನ ‘ವಿಚಾರಣೆ’ಯಲ್ಲಿ ‘ಚಾ’ ವಾಲಿದೆ. ಬೇಕಾದ್ರೆ ಒಂದು ದಿನ ಬಂದು ಸರಿ ಮಾಡಿಕೊಡ್ತೀನಿ.”

“ಅದು ದುರಸ್ತಿಯೋ ಸುಧಾರಣೆಯೋ?” ಎಂದರು ಅಧಿಕಾರಿ, ತಲೆ ಎತ್ತದೆ.

ಮೆಟ್ಟಿಲಿಳಿಯುವಷ್ಟು ತಾಳ್ಮೆಯೂ ಇಲ್ಲದೆ ನಾನು ಮೊದಲ ತಿರುವಿನಲ್ಲೇ ಅಮ್ಮನಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ. ಅಪ್ಪ ಒಂದು ಕಡೆಯಿಂದ, ಅತ್ತೆ ಇನ್ನೊಂದು ಕಡೆಯಿಂದ ತಲೆ ತೂರಿಸಿದರು.

“ಅಮ್ಮಾ, ಕೇಳಿಸ್ತಾ ಇದೆಯಾ? ವಿಚಾರಣೆ ಮುಗೀತು. ಅವರು...”

“ತಡಿ,” ಎಂದಿತು ಅಮ್ಮನ ಧ್ವನಿ, ದೂರದಿಂದ, ಉಸಿರು ಹಿಡಿದ ಹಾಗೆ. “ಈ ಹೊಲಿಗೆ ಮುಗೀಲಿ.”

ನಾವು ಮೂವರೂ ಮೆಟ್ಟಿಲ ಮೇಲೆ ಕಾದೆವು. ಕಡತ ಹಿಡಿದವರು ನಮ್ಮನ್ನು ಬಳಸಿಕೊಂಡು ಹತ್ತಿಳಿದರು. ಫೋನಿನಲ್ಲಿ ಅಮ್ಮನ ಶಾಲೆಯ ದೊಡ್ಡ ಕೋಣೆಯ ನಿಶ್ಶಬ್ದ, ಆಮೇಲೆ ಕತ್ತರಿಯ ಸಣ್ಣ ಸದ್ದು. ನಾನು ಗಡಿಯಾರ ನೋಡುತ್ತಿದ್ದೆ: ನಲವತ್ತೊಂದು ಸೆಕೆಂಡು.

“ಹೂಂ,” ಎಂದಳು ಅಮ್ಮ. “ಈಗ ಹೇಳು, ಇನ್ನೊಂದು ವರ್ಷ ಇಲ್ಲಿ ಇರಬಹುದಾ?”

“ಇರಬಹುದು,” ಎಂದೆವು ಮೂವರೂ ಒಟ್ಟಿಗೆ. ಅದರ ಹಿಂದೆಯೇ ಅತ್ತೆ ಫೋನಿಗೆ ಇನ್ನಷ್ಟು ಹತ್ತಿರ ಬಾಗಿದರು: “ಶುಲ್ಕ ಕಟ್ಟಿದ ರಸೀದಿ ಮಾತ್ರ ಜೋಪಾನ ಕಣಮ್ಮ.”